ಮೇಜರ್ ಆದವರನ್ನು ಮನೆಯವರಿಗೆ ‘ಒಪ್ಪಿಸುವುದು’ ನಿಲ್ಲಲಿ

ಮಾನ್ಯ ಸಂಪಾದಕರೆ,

ಇಬ್ಬರು ಹುಡುಗಿಯರು ಕೂಡಿ ಬದುಕುತ್ತೇವೆಂದು ಊರು ಬಿಟ್ಟರೆ ನಮ್ಮ ಭಾಗದಲ್ಲಿ ಮುಂದಿನದೆಲ್ಲ ಬಾಯಿಪಾಠ. ಒಬ್ಬಳ ಮನೆಯವರು ಠಾಣೆಯಲ್ಲಿ ‘ಮಗಳು ಕಾಣೆ’ ಎಂದು ದೂರು ಕೊಡುತ್ತಾರೆ, ಇನ್ನೊಬ್ಬಳ ಮೇಲೆ ಅಪಹರಣದ ಮಾತು ಬರುತ್ತದೆ. ಪೊಲೀಸರು ಹೈದರಾಬಾದಿನಿಂದಲೋ ಪುಣೆಯಿಂದಲೋ ಇಬ್ಬರನ್ನೂ ಕರೆತಂದು, ಬುದ್ಧಿ ಹೇಳಿ, ತಂದೆಯ ಸಹಿ ಹಾಕಿಸಿಕೊಂಡು ಕಳಿಸಿಬಿಡುತ್ತಾರೆ. ಆಮೇಲೆ ಫೋನ್ ಕಸಿದುಕೊಳ್ಳುವುದು, ಕೋಣೆಗೆ ಚಿಲಕ, ತೊಗರಿ ರಾಶಿ ಮುಗಿದ ಕೂಡಲೇ ಲಗ್ನ.

ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. 18 ತುಂಬಿದವರು ‘ನಾನಾಗಿಯೇ ಹೋದೆ’ ಎಂದರೆ ಪೊಲೀಸರು ಹೇಳಿಕೆ ಪಡೆದು ಕಡತ ಮುಚ್ಚಬೇಕು, ಅಷ್ಟೇ. 18 ತುಂಬದಿದ್ದರೆ ಮಾತೇ ಬೇರೆ: ಜೊತೆ ಹೋದವರ ಮೇಲೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಬೀಳಬಹುದು. ಒಂದು ದಿನ ಕಡಿಮೆಯಿದ್ದರೂ ಕಾಯಬೇಕು.

ಮನೆ ಬಿಟ್ಟವರು ಸೋಲುವುದು ಬಹುತೇಕ ಕಾಗದಪತ್ರದಲ್ಲಿ. ವಯಸ್ಸು ತೋರಿಸುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಪ್ಪನ ಟ್ರಂಕಿನಲ್ಲಿ, ಆಧಾರ್ ಒಟಿಪಿ ಅಣ್ಣನ ಫೋನಿಗೆ. ಆದ್ದರಿಂದ ಮೊದಲು ಸ್ವಂತ ಹೆಸರಿನ ಸಿಮ್. ನಂತರ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ, ಬೆರಳಚ್ಚು ಕೊಟ್ಟು ಆ ನಂಬರನ್ನು ಜೋಡಿಸಿಕೊಳ್ಳುವುದು. ಹಳೆಯ ಫೋನಿನ ಒಟಿಪಿ ಬೇಕಾಗುವುದಿಲ್ಲ. ಅದಾದ ಮೇಲೆಯೇ ಸರ್ಕಾರದ ಆನ್‌ಲೈನ್ ದಾಖಲೆ ಖಾತೆಯಾದ ಡಿಜಿಲಾಕರ್‌ನಿಂದ ಅಂಕಪಟ್ಟಿ. ಈ ಕ್ರಮ ಹಿಂದುಮುಂದಾದರೆ ಒಟಿಪಿಯೇ ಮನೆಗೆ ಸುದ್ದಿ ಮುಟ್ಟಿಸುತ್ತದೆ.

ಹೊರಡುವ ದಿನವೇ ಠಾಣೆಗೂ ಎಸ್‌ಪಿಗೂ (ಕಲಬುರಗಿ ನಗರವಾದರೆ ಪೊಲೀಸ್ ಆಯುಕ್ತರಿಗೆ) ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಬೇಕು: ವಯಸ್ಸು, ಸ್ವಇಚ್ಛೆ, ಯಾರಿಂದ ಭಯ, ಸಹಿ, ತಾರೀಖು, ಜೊತೆಗೆ ಅಂಕಪಟ್ಟಿಯ ಪ್ರತಿ. ಹೊಸ ವಿಳಾಸ ಮಾತ್ರ ಬರೆಯಬಾರದು. ಠಾಣೆಯ ಕಾಗದ ಊರಿನವರ ಕಣ್ಣಿಗೆ ಬೀಳಲು ಹೊತ್ತು ಬೇಕಿಲ್ಲ. ಅಂಚೆ ರಸೀದಿಯ ಫೋಟೊ ನಂಬಿದ ಒಬ್ಬರ ಬಳಿ ಇರಲಿ.

ಈಗಾಗಲೇ ಕೂಡಿಹಾಕಿದ್ದರೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 100ನೇ ಕಲಮಿನಡಿ ಸಹಾಯಕ ಆಯುಕ್ತರು (ಪೊಲೀಸರಲ್ಲ, ಕಂದಾಯ ಉಪವಿಭಾಗದ ಎ.ಸಿ.) ಶೋಧನಾ ವಾರಂಟ್ ಹೊರಡಿಸಬಹುದು. ಕಲಬುರಗಿ, ಸೇಡಂ, ಬೀದರ್, ಬಸವಕಲ್ಯಾಣ, ಯಾದಗಿರಿಗಳಲ್ಲಿ ಅವರ ಕಚೇರಿಗಳಿವೆ. 10 ದಿನ ಅಥವಾ ಅದಕ್ಕಿಂತ ಹೆಚ್ಚು ಕೂಡಿಹಾಕಿದರೆ 5 ವರ್ಷದವರೆಗೆ ಜೈಲು, ಹೆತ್ತವರಿಗೂ ವಿನಾಯಿತಿ ಇಲ್ಲ. ಕೂಡಿಹಾಕಲ್ಪಟ್ಟವರನ್ನು ನ್ಯಾಯಾಲಯದ ಮುಂದೆ ತರಿಸಲು ಕೋರುವ ಹೇಬಿಯಸ್ ಕಾರ್ಪಸ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ, ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ. ಅರ್ಜಿಯನ್ನು ಸಂಗಾತಿ ಅಥವಾ ಗೆಳತಿಯೂ ಹಾಕಬಹುದು. ಇಂಥ ಅರ್ಜಿ ಬಂದಾಗ ಸಂಬಂಧ ಎಂಥದ್ದೆಂದು ಕೆದಕಬಾರದು, ಕೂಡಿಹಾಕಲ್ಪಟ್ಟವರನ್ನು ಮನೆಯವರಿಂದ ಪ್ರತ್ಯೇಕವಾಗಿ ಮಾತನಾಡಿಸಬೇಕು, ಮನಸ್ಸು ಬದಲಿಸಲು ಕೌನ್ಸೆಲಿಂಗಿಗೆ ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ನ್ಯಾಯಾಲಯಗಳಿಗೆ ತಿಳಿಸಿದೆ. ವಕೀಲರ ಶುಲ್ಕದ ಚಿಂತೆ ಇದ್ದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ.

‘ಡಾಕ್ಟರ ಹತ್ತಿರ ಸರಿಮಾಡಿಸುತ್ತೇವೆ’ ಎನ್ನುವವರೂ ಇದ್ದಾರೆ. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಯಲ್ಲಮ್ಮನ ಸೇವೆಗೆ ಸೀರೆ ಉಡುವ ಜೋಗಪ್ಪನ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳುವ ಊರೇ ಮನೆಯ ಮಗನಿಗೆ ಮಾತ್ರೆ ಹುಡುಕುವುದು ವಿಚಿತ್ರ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಪೊಲೀಸ್ ಅಧಿಕಾರಿಗಳು ಇದನ್ನೆಲ್ಲ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಪ್ರತಿ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಮೇಜಿನ ಮೇಲೆ ಅಂಟಿಸಲಿ. ದೂರು ಮೊದಲು ಬರುವುದು ಅಲ್ಲಿಗೇ.

– ಕಾನೂನು ನೆರವಿನಲ್ಲಿ ತೊಡಗಿರುವ ಕೆಲವರು, ಕಲಬುರಗಿ