ಬಿಲ್ಲಿನಲ್ಲಿ ರಿಲೇ ಇದೆ, ಬೈಕಿನಲ್ಲಿ ಇಲ್ಲ

ಇಂದ,
ನಿಮ್ಮ ಗ್ರಾಹಕ,
ಟಿಳಕವಾಡಿ, ಬೆಳಗಾವಿ

ಗೆ,
ಮಾಲೀಕರು,
ಬೈಕ್ ಆ್ಯಕ್ಸೆಸರೀಸ್ ಅಂಗಡಿ, ಬೆಳಗಾವಿ

ವಿಷಯ: ನನ್ನ ಹಿಮಾಲಯನ್ ಬೈಕಿಗೆ ನೀವು ಹಾಕಿದ ಫಾಗ್ ಲೈಟ್ ಮತ್ತು ಸೈಡ್ ಬಾಕ್ಸ್ ಬಗ್ಗೆ ದೂರು

ಮಾನ್ಯರೇ,

ಹೋದ ತಿಂಗಳು ನಿಮ್ಮಲ್ಲಿ ಎರಡು ಫಾಗ್ ಲೈಟ್, ಎರಡು ಅಲ್ಯೂಮಿನಿಯಂ ಸೈಡ್ ಬಾಕ್ಸ್ ಹಾಕಿಸಿದೆ. ‘ರಿಲೇ, ಫ್ಯೂಸ್ ಸಹಿತ ವೈರಿಂಗ್’ ಎಂದು ಬಿಲ್ಲಿನಲ್ಲಿ ನೀವೇ ಬರೆದಿದ್ದೀರಿ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಅದನ್ನು ನಂಬಿಕೊಂಡು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೊರಟೆ.

ಜಾಂಬೋಟಿ ದಾಟುವಾಗಲೇ ಕತ್ತಲಾಗಿತ್ತು. ಕಣಕುಂಬಿ ಹತ್ತಿರ ಜೋರು ಮಳೆ, ಜೊತೆಗೆ ಮಂಜು. ಫಾಗ್ ಲೈಟ್ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಫಾಗ್ ಲೈಟ್ ಆರಿತು, ಅದರ ಹಿಂದೆಯೇ ಹೆಡ್‌ಲೈಟೂ ಆರಿತು. ನಾವಿದ್ದದ್ದು ತಿರುವಿನಲ್ಲಿ. ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ಮುಂದೆ ನಡೆದಳು, ನಾನು ಬೈಕ್ ತಳ್ಳಿಕೊಂಡು ಹಿಂದೆ ನಡೆದೆ. ಒಂದೊಂದು ಲಾರಿ ಬಂದಾಗಲೂ ರಸ್ತೆ ಬಿಟ್ಟು ಚರಂಡಿ ಪಕ್ಕ ನಿಂತೆವು. ಅವಳ ಕೈ ನಡುಗುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ.

ಉದ್ಯಮಬಾಗದ ಪರಿಚಯದ ಮೆಕ್ಯಾನಿಕ್ ಟ್ಯಾಂಕ್ ಬಿಚ್ಚಿ ತೋರಿಸಿದರು. ರಿಲೇ ಇಲ್ಲ, ಫ್ಯೂಸೂ ಇಲ್ಲ. ಹೆಡ್‌ಲೈಟ್ ವೈರನ್ನೇ ಸೀಳಿ, ಫಾಗ್ ಲೈಟ್ ವೈರ್ ಸುತ್ತಿ, ಮೇಲೆ ಟೇಪ್ ಹಚ್ಚಿದ್ದೀರಿ. ಲೈಟ್ ಒಂದೊಂದೂ 40 ವಾಟ್. ಎರಡೂ ಸೇರಿ 80 ವಾಟ್, 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 7 ಆಂಪಿಯರ್. ಹೆಡ್‌ಲೈಟಿನ ಕರೆಂಟಿನ ಜೊತೆ ಇಷ್ಟೂ ಆ ಸಡಿಲ ಗಂಟಿನ ಮೂಲಕವೇ ಹರಿದರೆ ಅದು ಕಾಯದೆ ಇರುತ್ತದೆಯೇ? ರಿಲೇ ಇದ್ದರೆ ಜಾಸ್ತಿ ಕರೆಂಟ್ ಬ್ಯಾಟರಿಯಿಂದ ನೇರ ಲೈಟಿಗೆ ಹೋಗುತ್ತಿತ್ತು. ಬ್ಯಾಟರಿ ಪಕ್ಕ 10 ಆಂಪಿಯರ್ ಫ್ಯೂಸ್ ಇದ್ದರೆ, ಆ ವೈರಿಂಗ್ ಶಾರ್ಟ್ ಆದರೂ ಫಾಗ್ ಲೈಟ್ ಮಾತ್ರ ಆರುತ್ತಿತ್ತು, ಹೆಡ್‌ಲೈಟ್ ಉಳಿಯುತ್ತಿತ್ತು.

ಬಾಕ್ಸಿನ ಫ್ರೇಮ್ ಕೂಡ ಹಾಗೇ ಇದೆ. ಎಡಬಲ ಫ್ರೇಮ್‌ಗಳನ್ನು ಹಿಂದಿನಿಂದ ಜೋಡಿಸುವ ಅಡ್ಡಪಟ್ಟಿ ಹಾಕಿಲ್ಲ. ಬಾಕ್ಸಿಗೆ ಆರಾರು ಕಿಲೋ ಸಾಮಾನು ಮಾತ್ರ ಇತ್ತು, ಅಷ್ಟಕ್ಕೇ ಎಡಗಡೆ ವೆಲ್ಡಿಂಗ್ ಬಿರುಕು ಬಿಟ್ಟಿದೆ. ಲಾಕ್ ನಟ್ ಇಲ್ಲದ ಒಂದು ಬೋಲ್ಟ್ ದಾರಿಯಲ್ಲೇ ಬಿದ್ದುಹೋಗಿದೆ.

ಫೋನ್ ಮಾಡಿದರೆ, ‘ಮಳೆಯಲ್ಲಿ ಓಡಿಸಿದ್ದಕ್ಕೆ ಹೀಗಾಗಿದೆ’ ಎಂದಿರಿ. ಮಳೆ, ಮಂಜಿಗೆ ಅಂತಲೇ ಅಲ್ವಾ ಫಾಗ್ ಲೈಟ್ ಹಾಕಿಸಿದ್ದು? ವೈರಿಂಗ್ ಮಾಡಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ರಿಲೇ ಅವನ ಕೈಗೆ ಕೊಡಬೇಕಾದವರು ನೀವು.

ವೈರಿಂಗನ್ನು ರಿಲೇ, ಫ್ಯೂಸ್ ಹಾಕಿ ನನ್ನ ಎದುರಿಗೇ ಹೊಸದಾಗಿ ಮಾಡಿಕೊಡಿ. ಅಡ್ಡಪಟ್ಟಿ ಇರುವ ಫ್ರೇಮ್ ಹಾಕಿಕೊಡಿ. ಸುಟ್ಟ ಹೆಡ್‌ಲೈಟ್ ವೈರಿಂಗಿನ ಖರ್ಚನ್ನೂ ಕೊಡಬೇಕು. ಆಗದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ. 15 ದಿನದೊಳಗೆ ಉತ್ತರ ಬರದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲಿನ ಪ್ರತಿ, ಫೋಟೋ ಇದರ ಜೊತೆ ಇವೆ. ಕರಗಿದ ವೈರನ್ನೂ ಎಸೆದಿಲ್ಲ.

ಇನ್ನೊಂದು ಮಾತು. ನನ್ನ ಬೈಕಿನ ಜೊತೆಗೇ ಅವತ್ತು ನಿಮ್ಮ ಅಂಗಡಿಯಲ್ಲಿ ಇನ್ನೂ ಮೂರು ಬೈಕಿಗೆ ಫಾಗ್ ಲೈಟ್ ಹಾಕುತ್ತಿದ್ದರು. ಅವರು ಘಾಟ್ ಹತ್ತುವ ಮೊದಲು ದಯವಿಟ್ಟು ಅವರಿಗೆ ಫೋನ್ ಮಾಡಿ, ಬೈಕ್ ವಾಪಸ್ ತರಿಸಿ ನೋಡಿ.

ಇಂತಿ,
ನಿಮ್ಮ ಗ್ರಾಹಕ