ಲಾಠಿ ಒಂದೂವರೆ ದೂರ

ದಾವಣಗೆರೆ
ಭಾನುವಾರ

ಚಿರಂಜೀವಿ ಸುಮಾಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮೈಸೂರಿನ ಪೊಲೀಸ್ ಅಕಾಡೆಮಿ ಮುಗಿಸಿ ಪ್ರೊಬೇಷನ್‌ಗೆ ಠಾಣೆ ಸೇರಿದೆ ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಅಲ್ಲಿ ಯಾರೋ ಹಿರಿಯರು, "ಹೆಣ್ಮಗಳು ಅಂತ ತಲೆ ಮೇಲೆ ಕೂರ್ತಾರೆ, ಮೊದಲನೇ ವಾರವೇ ನಾಲ್ಕು ಬಿಡಮ್ಮ" ಅಂದರಂತೆ. ಇದು ಫೋನಲ್ಲಿ ಮುಗಿಯೋ ಮಾತಲ್ಲ, ಅದಕ್ಕೇ ಬರೆಯಲು ಕೂತೆ.

ಕಾನೂನು ನನಗಿಂತ ನಿನಗೇ ಚೆನ್ನಾಗಿ ಗೊತ್ತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂತು. ನಮ್ಮ 49ನೇ ಕಲಂ ನಿಮಗೆ 46 ಆಗಿದೆ, ಅಷ್ಟೇ. ಹಿಡಿದವನು ಓಡಿಹೋಗದಂತೆ ತಡೆಯಲು ಎಷ್ಟು ಬೇಕೋ ಅಷ್ಟು, ಅದರ ಮೇಲೆ ಒಂದು ಗುಲಗಂಜಿಯೂ ಬೇಡ. ಬುದ್ಧಿ ಕಲಿಸಲು ಹೊಡೆಯಬಹುದು ಅಂತ ಹಳೆಯದರಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಪೊಲೀಸ್ ಕೆಲಸದಲ್ಲಿದ್ದಾಗ ಹೊಡೆದೆ. ಊರು, ಠಾಣೆ ಬೇಡ. ಒಬ್ಬ ಹಮಾಲಿ, ಕುಡಿದಿದ್ದ, ರಾತ್ರಿ ಅಂಗಡಿ ಮುಂದೆ ಕೂಗಾಡುತ್ತಿದ್ದ. ನಾನು ಎದೆಗೆ ಎದೆ ತಾಗುವಷ್ಟು ಹತ್ತಿರ ಹೋಗಿ ನಿಂತೆ. ಅವನು ನನ್ನ ಎದೆ ಮೇಲೆ ಕೈ ಇಟ್ಟು ದೂಡಿದ. ಸುತ್ತ ಹತ್ತು ಜನ ನೋಡುತ್ತಿದ್ದರು, ನನಗೆ ತಡೆಯಲಾಗಲಿಲ್ಲ. ಲಾಠಿ ಬೀಸಿದ್ದೇ ಎಡಗೈ ಮಣಿಕಟ್ಟಿಗೆ ಬಿತ್ತು. ಒಣಕಡ್ಡಿ ಮುರಿದಂತೆ ಸದ್ದಾಯಿತು, ಮರುಗಳಿಗೆ ಅವನ ನಶೆ ಇಳಿದುಹೋಯಿತು. ನಾನೇ ಅಷ್ಟು ಹತ್ತಿರ ಹೋಗದಿದ್ದರೆ ಅವನು ದೂಡುತ್ತಲೇ ಇರಲಿಲ್ಲ. ಠಾಣೆಯ ಡೈರಿಯಲ್ಲಿ "ಚರಂಡಿಗೆ ಬಿದ್ದು ಗಾಯ" ಅಂತ ಬರೆಸಿದೆ. ಹಿಡಿದವನ ಮೈಮೇಲಿನ ಗಾಯ, ಅವನು ಕೇಳಿದರೆ, ಅಲ್ಲೇ ದಾಖಲಾಗಬೇಕು, ಮನೆಯವರಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದ್ದು 1996ರಲ್ಲಿ. ಆಮೇಲೆ ಎಷ್ಟೋ ವರ್ಷಕ್ಕೆ ನಾನು ಹೀಗೆ ಬರೆಸಿದ್ದು. ಎರಡೂವರೆ ತಿಂಗಳು ಅವನು ಮೂಟೆ ಹೊರಲಿಲ್ಲ.

ನನಗೆ ಕೆಲಸ ಕಲಿಸಿದ ದಫೇದಾರ್ (ಹೆಡ್ ಕಾನ್‌ಸ್ಟೇಬಲ್) ಬೇರೆಯೇ ಥರದ ಮನುಷ್ಯ. ಒಮ್ಮೆ ಅಣ್ಣತಮ್ಮಂದಿರ ಜಾಗದ ಜಗಳ, ತಮ್ಮ ಕುಡುಗೋಲು ಹಿಡಿದು ಮನೆ ಬಾಗಿಲಲ್ಲಿ ನಿಂತಿದ್ದ. ಇವರು ಮೊದಲು ಅಣ್ಣನನ್ನು ಹಿಂದಿನ ಬೀದಿಗೆ ಸಾಗಹಾಕಿದರು, ನೋಡುವ ಜನರನ್ನು ಚದುರಿಸಿದರು, ಆಮೇಲೆ ನನ್ನ ಬಾಯಿ ಮುಚ್ಚಿಸಿದರು. ಮಾತಾಡುವವರು ಒಬ್ಬರೇ ಇರಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ ಕೂಗಿದರೆ ಅವನು ಯಾರ ಮಾತು ಕೇಳಬೇಕು? ಎದುರು ಮನೆ ಜಗಲಿ ಮೇಲೆ ಕೂತು, "ಉಂಡೀಯೇನೋ ತಮ್ಮಾ?" ಅಂದರು. ಉತ್ತರವಿಲ್ಲ. "ನಿಮ್ಮಣ್ಣ ಏನ್ ಮಾಡಿದ, ಹೇಳು, ಕೇಳ್ತೀನಿ." ಮುಕ್ಕಾಲು ಗಂಟೆ ಅವನು ಹೇಳುತ್ತಲೇ ಇದ್ದ, ಇವರು "ಹೂಂ" ಅನ್ನುತ್ತಲೇ ಇದ್ದರು. ಕಡೆಗೆ ಅವನಿಗೇ ಕೈಸೋತು ಕುಡುಗೋಲು ಕಟ್ಟೆ ಮೇಲೆ ಇಟ್ಟ. "ಲಾಠಿ ಒಂದೂವರೆ ದೂರ ನಿಲ್ಲು, ಹೊತ್ತು ತಗೋ, ಯಾವ ಬಸ್ಸೂ ತಪ್ಪಲ್ಲ" ಅನ್ನೋರು. ಕೈಯಲ್ಲಿ ಹತಾರಿದ್ದವನ ಹತ್ತಿರ ಲಾಠಿ ಒಂದೂವರೆ ಸಾಲದು, ರಸ್ತೆಯಷ್ಟು ದೂರ ಬೇಕು, ನಡುವೆ ಒಂದು ಗಾಡಿಯೋ ಗೋಡೆಯೋ ಇರಬೇಕು.

ಅವನು ಯಾರ ಮೇಲಾದರೂ ಏರಿಹೋದರೆ ಮಾತಿನ ಹೊತ್ತು ಮುಗಿಯಿತು ಅಂತಲೇ ಲೆಕ್ಕ. ಆಗ ಹಿಂದೆ ಸರಿಯಬೇಡ. ಆದರೆ ಅವನು ಬಿದ್ದ ಗಳಿಗೆಗೆ ನಿನ್ನ ಕೈಯೂ ನಿಲ್ಲಬೇಕು. ಹೊಡೆಯಲು ಶುರುಮಾಡೋದು ಸುಲಭ, ನಿಲ್ಲಿಸೋದು ಕಷ್ಟ. ಜೊತೆಯ ಕಾನ್‌ಸ್ಟೇಬಲ್ ನಿಲ್ಲಿಸದಿದ್ದರೆ ಹೆಗಲು ಹಿಡಿದು ಎಳಿ, ನಿನಗಿಂತ ಹಿರಿಯನಾದರೂ ಸರಿ. ಬೋರಲು ಬಿದ್ದವನ ಬೆನ್ನ ಮೇಲೆ ಯಾರೂ ಕೂರಕೂಡದು, ಪಕ್ಕಕ್ಕೆ ಹೊರಳಿಸಿ ಉಸಿರು ನೋಡಿ. ಆಮೇಲೆ ಮೊದಲು ಆಸ್ಪತ್ರೆ, ಕಾಗದಪತ್ರ ಆಮೇಲೆ.

ಗುಂಪಿನ ವಿಷಯ. ಪಿಎಸ್‌ಐ ಆಗಿರೋದರಿಂದ ಸರ್ಕಲ್‌ನಲ್ಲಿ ನೀನೊಬ್ಬಳೇ ಇದ್ದಾಗ ಅದೇ ಹೊಸ ಸಂಹಿತೆಯ 148ನೇ ಕಲಂ ಪ್ರಕಾರ "ಚದುರಿ" ಅನ್ನುವ ಅಧಿಕಾರ ನಿನ್ನ ಕೈಗೇ ಬರಬಹುದು. ಆಜ್ಞೆ ಮೊದಲು, ಬಲ ಆಮೇಲೆ. ಮೈಕಿನಲ್ಲಿ ಕಡೆಯ ಸಾಲಿನವರಿಗೆ ಕೇಳುವ ಹಾಗೆ ಎರಡು ಮೂರು ಸಲ ಹೇಳು, ಚದುರಲು ಸಮಯ ಕೊಡು. ಹೋಗಲು ದಾರಿ ಇದೆಯೋ ಇಲ್ಲವೋ ನೋಡು. ನಮ್ಮ ದುಗ್ಗಮ್ಮನ ಜಾತ್ರೆಯ ಬಂದೋಬಸ್ತಿಗೆ ಎಷ್ಟು ಸಲ ನಿಂತಿದ್ದೀನೋ, ಅಲ್ಲಿ ಕಲಿತದ್ದು ಇದೇ: ಓಣಿಯ ಎರಡೂ ಬಾಯಿ ಮುಚ್ಚಿ ಜನರನ್ನು ದಬ್ಬಿದರೆ ಅವರು ಓಡುವುದು ನಿನ್ನ ಮೇಲೇ. ಲಾಠಿ ಎತ್ತಲೇಬೇಕಾಗಿ ಬಂದರೆ ಸೊಂಟದ ಕೆಳಗೆ. ಮೊಬೈಲಿನಲ್ಲಿ ವಿಡಿಯೊ ಮಾಡುವ ಹುಡುಗರ ತಂಟೆಗೆ ಹೋಗಬೇಡ. ಸರಿಯಾಗಿ ನಡೆದುಕೊಂಡಿದ್ದರೆ ಅದೇ ನಿನ್ನ ಸಾಕ್ಷಿ.

ಆ ಹಿರಿಯರಿಗೆ ಎದುರು ಮಾತಾಡಲು ಹೋಗಬೇಡ. "ಆಗಲಿ ಸಾರ್" ಅಂದು ನಿನ್ನ ಕೆಲಸ ನೋಡಿಕೋ.

ಆ ಹಮಾಲಿ ಈಗ ಇದೇ ಊರಲ್ಲಿ ಸಂಜೆ ಹೊತ್ತು ಮಂಡಕ್ಕಿ, ಮಿರ್ಚಿ ಗಾಡಿ ಇಟ್ಟಿದ್ದಾನೆ. ಎಡಗೈ ಪೂರ್ತಿ ತಿರುಗಲ್ಲ, ಪೊಟ್ಟಣದ ದಾರವನ್ನು ಹಲ್ಲಲ್ಲಿ ಕಚ್ಚಿ ಕಟ್ಟುತ್ತಾನೆ. ವಾರಕ್ಕೊಮ್ಮೆ ಹೋಗುತ್ತೀನಿ. ಗುರುತು ಸಿಕ್ಕಿದೆಯೋ ಇಲ್ಲವೋ, ಅವನು ಹೇಳಿಲ್ಲ, ನಾನೂ ಕೇಳಿಲ್ಲ.

ನಿಮ್ಮತ್ತೆ ಶೇಂಗಾ ಚಟ್ನಿಪುಡಿ ಕಳಿಸಿದ್ದಾಳೆ, ಡಬ್ಬಿ ವಾಪಸ್ ಬೇಕಂತೆ.

ಇಂತಿ ನಿನ್ನ ಮಾವ