ಭಾನುವಾರದ ಅಭ್ಯಾಸ: ಬೇಸ್ ಕಲಿಯುತ್ತಿರುವವರಿಗೆ

ಗೆಳೆಯರೇ, ಈ ಭಾನುವಾರ ಸಂಜೆ 5ಕ್ಕೆ ನಮ್ಮ ಮಹಡಿಯಲ್ಲಿ ಅಭ್ಯಾಸ. ಐವತ್ತರ ಹೊಸ್ತಿಲಲ್ಲಿ ಬೇಸ್ ಗಿಟಾರ್ ಹಿಡಿದಿರುವವರು ಹಿಂಜರಿಯದೆ ಬನ್ನಿ. ಇರುವುದು ನಾಲ್ಕೇ ತಂತಿ: ಇ, ಎ, ಡಿ, ಜಿ. ಸದ್ಯಕ್ಕೆ ಪ್ರತಿ ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೂಲಸ್ವರವನ್ನಷ್ಟೇ ದೊಡ್ಡ ಡ್ರಮ್ಮಿನ ಹೊಡೆತಕ್ಕೆ ಸರಿಯಾಗಿ ನುಡಿಸಿದರೆ ಸಾಕು, ಹಾಡಿಗೆ ನೆಲ ಸಿಗುತ್ತದೆ. ತಪ್ಪಿದರೆ ನಿಲ್ಲಿಸಬೇಡಿ, ಮುಂದಿನ ಆವರ್ತಕ್ಕೆ ಸೇರಿಕೊಳ್ಳಿ. ಒಬ್ಬರೇ ಕುಳಿತು ಕಲಿತರೆ ಇದು ರೂಢಿಯಾಗುವುದು ಕಷ್ಟ.

ಮೊಬೈಲ್ ಸ್ಪೀಕರಿನಲ್ಲಿ ಬೇಸ್ ಹುಡುಕಿ ಬೇಸರಪಡಬೇಡಿ. ಇ ತಂತಿಯ ಕಂಪನ ಸುಮಾರು 41 ಹರ್ಟ್ಸ್; ಅದು ಆ ಪುಟ್ಟ ಸ್ಪೀಕರಿಗೆ ಎಟುಕದು. ಹೆಡ್‌ಫೋನ್ ಬಳಸಿ. ಮಾಮೂಲಿ ಗಿಟಾರಿನ ಆಂಪ್ಲಿಫೈಯರಿಗೆ ಬೇಸ್ ಜೋಡಿಸಿ ದನಿ ಏರಿಸಿದರೆ ಸ್ಪೀಕರ್ ಹಾಳಾಗಬಹುದು. ಬೇಸ್‌ಗೆಂದೇ ಇರುವುದು ನನ್ನಲ್ಲಿದೆ, ಕೇಬಲ್ ಮಾತ್ರ ತನ್ನಿ. ಕೆಳಮನೆಯ ಮಗು 8ಕ್ಕೆ ಮಲಗುತ್ತದೆ, ಅಷ್ಟರೊಳಗೆ ಮುಗಿಸೋಣ.